ಬಿಸಿಲಿಗೆ ಅಕ್ಕಡಿ ಸಾಲು: ಸಾವಯವ ಸೌರಕೋಶದ ಕಥೆ

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ರೋಣದಿಂದ ಗಜೇಂದ್ರಗಡದ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ಜೊತೆಯಾಗುವುದು ಬಿಸಿಲೊಂದೇ. ಕಡಲೆ, ಬಿಳಿಜೋಳದ ಸುಗ್ಗಿ ಮುಗಿದು ಎರೆಹೊಲಗಳು ಬಿರುಕುಬಿಟ್ಟು ಮಲಗಿರುತ್ತವೆ. ಗಜೇಂದ್ರಗಡ ಹತ್ತಿರವಾದಂತೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳ ಬಿಳಿಯ ರೆಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅತ್ತ ನರಗುಂದದ ಕೋಟೆಯ ಬಂಡೆ ಕಾದ ಹಂಚಿನಂತಾಗಿರುತ್ತದೆ. ಮಳೆಯ ವಿಷಯದಲ್ಲಿ ಈ ಮೂರೂ ಊರುಗಳು ಬಡವರಾದರೂ ಬಿಸಿಲಿನ ವಿಷಯದಲ್ಲಿ ಸಿರಿವಂತರೇ ಸರಿ.

ಆ ಸಿರಿಯ ಲೆಕ್ಕವನ್ನು ಒಂದಿಷ್ಟು ಹಾಕಿ ನೋಡಬಹುದು. ಈ ಬಯಲುಸೀಮೆಯಲ್ಲಿ ವರ್ಷದ ಸರಾಸರಿ ತೆಗೆದರೆ, ಒಂದು ಚದರ ಮೀಟರ್ ನೆಲದ ಮೇಲೆ ದಿನವೊಂದಕ್ಕೆ 5 ಯೂನಿಟ್ಟಿಗೂ ಮಿಕ್ಕಿದ ಶಕ್ತಿ ಬಿಸಿಲಿನ ರೂಪದಲ್ಲಿ ಬೀಳುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಸಣ್ಣ ಮಾಳಿಗೆ ಸುಮಾರು 9 ಚದರ ಮೀಟರ್. ಅಂದರೆ ದಿನಕ್ಕೆ ಸುಮಾರು 45 ಯೂನಿಟ್. ಅದರಲ್ಲಿ ಐದನೆಯ ಒಂದು ಪಾಲನ್ನು ವಿದ್ಯುತ್ತಾಗಿ ಹಿಡಿದರೂ 9 ಯೂನಿಟ್ ಆಯಿತು. ಹಾಗಾದರೆ ಪ್ರತಿಯೊಂದು ಮನೆಯ ಮಾಳಿಗೆಯೂ ಒಂದು ಪುಟ್ಟ ವಿದ್ಯುತ್ ಕೇಂದ್ರವಾಗಬೇಕಿತ್ತಲ್ಲವೆ? ಏಕೆ ಆಗಿಲ್ಲ?

ಹಣದ ಮಾತು ಒಂದಾದರೆ, ಭಾರದ ಮಾತು ಇನ್ನೊಂದು. ಇಂದು ಪೇಟೆಯಲ್ಲಿ ಸಿಗುವ ಸೌರ ಹಲಗೆ ಸಿಲಿಕಾನ್ ಬಿಲ್ಲೆಗಳನ್ನು ಗಾಜಿನಡಿ ಕೂಡಿಸಿ, ಸುತ್ತ ಅಲ್ಯುಮಿನಿಯಂ ಚೌಕಟ್ಟು ಕಟ್ಟಿದ್ದು. ಚದರ ಮೀಟರಿಗೆ ಸುಮಾರು 10ರಿಂದ 12 ಕಿಲೋ ತೂಗುತ್ತದೆ. ಅದನ್ನು ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಭಾರ ಬೇರೆ. ಆರ್‌ಸಿಸಿ ಮನೆಗೆ ಇದೊಂದು ಹೊರೆಯಲ್ಲ. ಆದರೆ ಹಳೆಯ ಮಣ್ಣಿನ ಮಾಳಿಗೆಗೆ, ತೆಳ್ಳನೆಯ ತಗಡಿನ ಚಾವಣಿಗೆ, ನೇಕಾರನ ಮನೆಯ ಮಗ್ಗದ ಕೋಣೆಯ ಮೇಲಿನ ಹಂಚಿಗೆ ಅದು ಭಾರವೇ. ಹಾಳೆಯಂತೆ ತೆಳ್ಳಗಿದ್ದು, ಚಾಪೆಯಂತೆ ಸುತ್ತಿ ತಂದು ಅಂಟಿಸಬಹುದಾದ ಸೌರಕೋಶವೊಂದು ಇದ್ದಿದ್ದರೆ?

ಅಂಥದೊಂದು ಕೋಶ ಇದೆ. ಅದರ ಹೆಸರು ಸಾವಯವ ಸೌರಕೋಶ. ಅದನ್ನು ಪ್ರಯೋಗಾಲಯದಿಂದ ಮಾಳಿಗೆಗೆ ತರಲು ಜಗತ್ತಿನ ವಿಜ್ಞಾನಿಗಳು ನಾಲ್ಕು ದಶಕಗಳಿಂದ ನಡೆಸಿರುವ ಹೋರಾಟದ ಕಥೆ ವಿದ್ಯಾರ್ಥಿಗಳೆಲ್ಲ ಓದಬೇಕಾದದ್ದು.

ಹೆಸರಿನಲ್ಲೊಂದು ಗೊಂದಲ

‘ಸಾವಯವ’ ಎಂದೊಡನೆ ರೈತರ ಮನೆಯ ಮಕ್ಕಳಿಗೆ ನೆನಪಾಗುವುದು ತಿಪ್ಪೆಗೊಬ್ಬರ, ಎರೆಹುಳು, ಬೇವಿನ ಹಿಂಡಿ. ಇಲ್ಲಿ ಅದರ ಅರ್ಥ ಬೇರೆ. ಇಂಗಾಲವನ್ನು ಬೆನ್ನೆಲುಬಾಗಿ ಹೊಂದಿದ ಸಂಯುಕ್ತಗಳನ್ನು ರಸಾಯನ ವಿಜ್ಞಾನ ‘ಸಾವಯವ’ ಎಂದು ಕರೆಯುತ್ತದೆ. ಸಕ್ಕರೆ, ಸೀಮೆಎಣ್ಣೆ, ಬಟ್ಟೆಯ ಬಣ್ಣ, ಪ್ಲಾಸ್ಟಿಕ್ ಎಲ್ಲವೂ ಈ ಕುಟುಂಬಕ್ಕೆ ಸೇರಿದವು. ಪ್ಲಾಸ್ಟಿಕ್ ಎಂದರೆ ವಿದ್ಯುತ್ ಹರಿಯದ ವಸ್ತು ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಸುವುದೇ ಅದಕ್ಕಾಗಿ ಅಲ್ಲವೆ? ಆದರೆ ಇಂಗಾಲದ ಸರಪಳಿಯಲ್ಲಿ ಒಂಟಿ ಬಂಧ, ಜೋಡಿ ಬಂಧಗಳು ಒಂದು ಬಿಟ್ಟು ಒಂದರಂತೆ ಬರುವ ಪಾಲಿಮರುಗಳು ವಿದ್ಯುತ್ತನ್ನು ಹರಿಯಗೊಡಬಲ್ಲವು ಎಂದು ತೋರಿಸಿದ ಅಲನ್ ಹೀಗರ್, ಅಲನ್ ಮ್ಯಾಕ್‌ಡಯರ್ಮಿಡ್ ಮತ್ತು ಹಿಡೆಕಿ ಶಿರಕಾವ ಅವರಿಗೆ 2000ನೇ ಇಸವಿಯಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಈ ವಸ್ತುಗಳ ಹಿರಿಮೆ ಇರುವುದು ಅವು ಬೆಳಕನ್ನು ಹೀರುವ ರೀತಿಯಲ್ಲಿ. ಸಿಲಿಕಾನ್ ಬಿಲ್ಲೆ ಬಿಸಿಲನ್ನು ಪೂರ್ತಿ ಹೀರಲು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ದಪ್ಪವಿರಬೇಕು. ಸಾವಯವ ಪದರಕ್ಕೆ 100 ನ್ಯಾನೋಮೀಟರಿನಷ್ಟು ದಪ್ಪವಿದ್ದರೂ ಸಾಕು. ಇದು ಸಿಲಿಕಾನ್ ಬಿಲ್ಲೆಯ ದಪ್ಪದ ಸಾವಿರದ ಒಂದು ಪಾಲು. ಸಿಲಿಕಾನನ್ನು ಹರಳಾಗಿ ಬೆಳೆಸಲು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕುಲುಮೆ ಬೇಕು. ಸಾವಯವ ವಸ್ತುವನ್ನಾದರೋ ದ್ರಾವಕದಲ್ಲಿ ಕರಗಿಸಿ ಶಾಯಿಯಂತೆ ಮಾಡಿ, ವೃತ್ತಪತ್ರಿಕೆ ಮುದ್ರಿಸುವಂತೆ ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಬಹುದು.

ಇಷ್ಟೆಲ್ಲ ಗುಣಗಳಿದ್ದೂ ಸಾವಯವ ಕೋಶ ಹಿಂದೆ ಬಿದ್ದದ್ದು ಒಂದೇ ಒಂದು ಕಾರಣಕ್ಕೆ. ಅದು ದಕ್ಷತೆ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಷ್ಟು ಪಾಲು ವಿದ್ಯುತ್ತಾಗುತ್ತದೆ ಎಂಬುದೇ ದಕ್ಷತೆಯ ಅಳತೆ.

ಬಿಡಿಸಲಾಗದ ಜೋಡಿ

ಬೆಳಕಿನ ಒಂದು ಕಣ, ಅಂದರೆ ಫೋಟಾನ್, ಸಿಲಿಕಾನಿನ ಮೇಲೆ ಬಿದ್ದಾಗ ಒಂದು ಎಲೆಕ್ಟ್ರಾನ್ ತನ್ನ ಜಾಗವನ್ನು ಬಿಟ್ಟು ಏಳುತ್ತದೆ. ಅದು ಬಿಟ್ಟುಹೋದ ತೆರವಿಗೆ ‘ರಂಧ್ರ’ ಎಂದು ಹೆಸರು. ಸಿಲಿಕಾನಿನಲ್ಲಿ ಇವೆರಡೂ ಕೂಡಲೇ ಬಿಡುಗಡೆಯಾಗಿ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಎಲೆಕ್ಟ್ರಾನ್ ಒಂದು ತುದಿಗೆ, ರಂಧ್ರ ಇನ್ನೊಂದು ತುದಿಗೆ ಹೋದರೆ ವಿದ್ಯುತ್ ಹರಿಯಿತೆಂದೇ ಅರ್ಥ.

ಸಾವಯವ ವಸ್ತುವಿನಲ್ಲಿ ಹಾಗಾಗುವುದಿಲ್ಲ. ಇಲ್ಲಿ ಎಲೆಕ್ಟ್ರಾನ್ ಮತ್ತು ರಂಧ್ರ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಒಟ್ಟಿಗೇ ಸಾಗುತ್ತವೆ. ಈ ಜೋಡಿಗೆ ‘ಎಕ್ಸೈಟಾನ್’ ಎಂದು ಹೆಸರು. ಕೋಣೆಯ ಸಾಮಾನ್ಯ ಉಷ್ಣತೆ ಕೊಡುವ ಶಕ್ತಿಗಿಂತ ಹತ್ತು ಪಟ್ಟಿಗೂ ಹೆಚ್ಚಿನ ಶಕ್ತಿ ಇವನ್ನು ಬೆಸೆದಿರುತ್ತದೆ. ಆದ್ದರಿಂದ ತಾವಾಗಿ ಬೇರೆಯಾಗುವುದು ಕಷ್ಟ. ಇವನ್ನು ಬಿಡಿಸಬೇಕಾದರೆ ಎಲೆಕ್ಟ್ರಾನನ್ನು ಬಲವಾಗಿ ಸೆಳೆಯುವ ಇನ್ನೊಂದು ವಸ್ತುವಿನ ಗಡಿಯನ್ನು ಅವು ಮುಟ್ಟಬೇಕು. ಅಲ್ಲಿಯವರೆಗೆ ಜೋಡಿ ಉಳಿದಿರಬೇಕಲ್ಲ! ಸಾಮಾನ್ಯವಾಗಿ ಅದು ಸುಮಾರು 10 ನ್ಯಾನೋಮೀಟರ್ ದೂರ ಸಾಗುವಷ್ಟರಲ್ಲಿ ಎಲೆಕ್ಟ್ರಾನ್ ಮರಳಿ ರಂಧ್ರದೊಳಗೆ ಬಿದ್ದು, ಹೀರಿದ ಬೆಳಕೆಲ್ಲ ವ್ಯರ್ಥವಾಗಿ ಹೋಗುತ್ತದೆ.

ಇಲ್ಲಿಯೇ ಇಕ್ಕಟ್ಟು. ಬೆಳಕನ್ನು ಹೀರಲು ಪದರ 100 ನ್ಯಾನೋಮೀಟರ್ ದಪ್ಪವಿರಬೇಕು. ಜೋಡಿ ಗಡಿ ಮುಟ್ಟಲು 10 ನ್ಯಾನೋಮೀಟರ್ ಒಳಗಿರಬೇಕು. ದಪ್ಪ ಮಾಡಿದರೆ ಜೋಡಿ ಸಾಯುತ್ತದೆ, ತೆಳ್ಳಗೆ ಮಾಡಿದರೆ ಬೆಳಕು ತಪ್ಪಿಹೋಗುತ್ತದೆ.

1986ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ವಿಜ್ಞಾನಿ ಚಿಂಗ್ ಟಾಂಗ್ ಅವರು ಎರಡು ಬೇರೆ ಬೇರೆ ಸಾವಯವ ಬಣ್ಣಗಳನ್ನು ಒಂದರ ಮೇಲೊಂದು ಪದರವಾಗಿಟ್ಟು ಕೋಶವೊಂದನ್ನು ಪ್ರಕಟಿಸಿದರು. ಎಲೆಕ್ಟ್ರಾನ್ ಕೊಡುವುದು ಒಂದು, ಪಡೆಯುವುದು ಇನ್ನೊಂದು. ಅದರ ದಕ್ಷತೆ ಶೇಕಡಾ 1ರ ಆಸುಪಾಸು. ಅತ್ಯಲ್ಪವೆನಿಸಿದರೂ ಅಂದಿನವರೆಗಿನ ಸಾವಯವ ಕೋಶಗಳಿಗೆ ಹೋಲಿಸಿದರೆ ಅದು ದೊಡ್ಡ ಜಿಗಿತವೇ.

ಹೊಲ ಕಲಿಸುವ ಪಾಠ

ಮುಂದಿನ ಹೆಜ್ಜೆಯನ್ನು ರೋಣದ ಎರೆಹೊಲದಲ್ಲಿ ನಿಂತೇ ಅರ್ಥಮಾಡಿಕೊಳ್ಳಬಹುದು. ಒಂದು ದೊಡ್ಡ ಹೊಲದ ಅರ್ಧಕ್ಕೆ ಜೋಳ, ಇನ್ನರ್ಧಕ್ಕೆ ಕುಸುಬಿ ಬಿತ್ತಿದರೆಂದು ಇಟ್ಟುಕೊಳ್ಳಿ. ಎರಡರ ನಡುವೆ ಇರುವುದು ಒಂದೇ ಬದು. ಆ ಬದುವಿನ ಪಕ್ಕದ ಕೆಲವೇ ಜೋಳದ ಗಿಡಗಳಿಗೆ ಕುಸುಬಿಯ ನೆರೆ ಸಿಕ್ಕೀತು. ನಡುಹೊಲದ ಗಿಡಗಳಿಗೆ ಸಿಗದು. ಟಾಂಗ್ ಅವರ ಕೋಶ ಇಂಥ ಹೊಲ. ಆದರೆ ನಮ್ಮ ರೈತರು ಜೋಳದ ನಡುನಡುವೆ ಕುಸುಬಿಯ ಅಕ್ಕಡಿ ಸಾಲು ಹಾಕುತ್ತಾರೆ. ಆಗ ಪ್ರತಿಯೊಂದು ಜೋಳದ ಗಿಡಕ್ಕೂ ಹತ್ತಿರದಲ್ಲೇ ಒಂದು ಕುಸುಬಿ ಸಾಲು ಇರುತ್ತದೆ. ಹೊಲ ಅಷ್ಟೇ ದೊಡ್ಡದು, ಗಡಿ ಮಾತ್ರ ಹತ್ತಾರು ಪಟ್ಟು ಹೆಚ್ಚಿತು.

1995ರಲ್ಲಿ ಹೀಗರ್ ಮತ್ತು ಅವರ ಸಂಗಡಿಗರು ಮಾಡಿದ್ದು ಇದನ್ನೇ. ಎಲೆಕ್ಟ್ರಾನ್ ಕೊಡುವ ಪಾಲಿಮರನ್ನೂ, ಪಡೆಯುವ ಫುಲ್ಲರೀನನ್ನೂ ಒಂದೇ ದ್ರಾವಣದಲ್ಲಿ ಕರಗಿಸಿ ಒಟ್ಟಿಗೇ ಹಾಳೆಯ ಮೇಲೆ ಹರಡಿದರು. ಫುಲ್ಲರೀನ್ ಎಂದರೆ 60 ಇಂಗಾಲದ ಪರಮಾಣುಗಳು ಕಾಲ್ಚೆಂಡಿನ ಆಕಾರದಲ್ಲಿ ಕೂಡಿದ ಅಣು. 1985ರಲ್ಲಿ ಇದನ್ನು ಕಂಡುಹಿಡಿದವರಿಗೆ 1996ರಲ್ಲಿ ನೊಬೆಲ್ ಬಂದಿತು. ದ್ರಾವಕ ಆರಿದಂತೆ ಎರಡು ವಸ್ತುಗಳೂ ಸೂಕ್ಷ್ಮವಾಗಿ ಹೆಣೆದುಕೊಂಡು ಎಲ್ಲೆಲ್ಲೂ ಗಡಿಗಳಾದವು. ಜೋಡಿ ಎಲ್ಲಿ ಹುಟ್ಟಿದರೂ 10 ನ್ಯಾನೋಮೀಟರಿನೊಳಗೆ ಒಂದು ಗಡಿ ಸಿಗತೊಡಗಿತು.

ಆದರೆ ಅಕ್ಕಡಿ ಸಾಲಿಗೂ ಒಂದು ಹದವಿದೆ. ಸಾಲುಗಳು ಬಹಳ ದೂರವಾದರೆ ಜೋಡಿ ಗಡಿ ಮುಟ್ಟುವುದಿಲ್ಲ. ಕಾಳುಗಳನ್ನು ಬೆರೆಸಿ ಕಂಡಂತೆ ಎರಚಿದರೆ ಸಾಲೇ ಇಲ್ಲದಂತಾಗಿ, ಬಿಡಿಸಿಕೊಂಡ ಎಲೆಕ್ಟ್ರಾನಿಗೆ ಹೊಲದ ಅಂಚಿನವರೆಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ದಕ್ಷತೆ ಹೆಚ್ಚಿಸುವ ಕೆಲಸದ ಬಹುಪಾಲು ಈ ಹದವನ್ನು ಹುಡುಕುವುದೇ ಆಗಿದೆ. ಯಾವ ದ್ರಾವಕ ಬಳಸಬೇಕು, ಎಷ್ಟು ಬೇಗ ಆರಿಸಬೇಕು, ಆರಿದ ಮೇಲೆ ಎಷ್ಟು ಡಿಗ್ರಿಗೆ ಕಾಯಿಸಬೇಕು ಎಂಬ ಚಿಕ್ಕ ಚಿಕ್ಕ ಸಂಗತಿಗಳಿಂದಲೇ ಕೋಶದ ದಕ್ಷತೆ ಏರಿದೆ, ಇಳಿದಿದೆ. 2005ರ ಹೊತ್ತಿಗೆ ಹೀಗೆ ಹದವಾಗಿ ಕಾಯಿಸಿದ ಕೋಶಗಳು ಶೇಕಡಾ 4ರಿಂದ 5ನ್ನು ಮುಟ್ಟಿದವು.

ಮೂರು ಸಂಖ್ಯೆಗಳ ಗುಣಾಕಾರ

ದಕ್ಷತೆ ಎಂಬುದು ಮೂರು ಸಂಖ್ಯೆಗಳ ಗುಣಲಬ್ಧ. ಮೊದಲನೆಯದು ಕೋಶದ ತಂತಿಗಳನ್ನು ಯಾವುದಕ್ಕೂ ಜೋಡಿಸದೆ ಇದ್ದಾಗ ಸಿಗುವ ವೋಲ್ಟೇಜ್. ಎರಡನೆಯದು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಹರಿಯುವ ಕರೆಂಟ್. ಈ ಎರಡರ ಪೂರ್ಣ ಗುಣಲಬ್ಧ ಒಟ್ಟಿಗೆ ಎಂದೂ ಸಿಗುವುದಿಲ್ಲ. ಅದರಲ್ಲಿ ನಿಜವಾಗಿ ಕೈಗೆ ಬರುವ ಪಾಲು ಮೂರನೆಯದು. ಇದಕ್ಕೆ ‘ಭರ್ತಿ ಅಂಶ’ ಎನ್ನಬಹುದು. ಚಕ್ಕಡಿ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಎಷ್ಟು ತುಂಬಿದೆ ಎಂಬುದೇ ಮುಖ್ಯವಲ್ಲವೆ?

ಫುಲ್ಲರೀನಿಗೆ ಎರಡು ಕೊರತೆಗಳಿದ್ದವು. ಅದು ಬಿಸಿಲಿನ ಬಣ್ಣಗಳನ್ನು ಚೆನ್ನಾಗಿ ಹೀರುತ್ತಿರಲಿಲ್ಲ. ಜೊತೆಗೆ ಜೋಡಿಯನ್ನು ಬಿಡಿಸುವ ಕೆಲಸದಲ್ಲಿ ಬಹಳಷ್ಟು ವೋಲ್ಟೇಜ್ ಸೋರಿಹೋಗುತ್ತಿತ್ತು. ಆದ್ದರಿಂದ ಶೇಕಡಾ 11-12ರ ಸುಮಾರಿಗೆ ಅದರ ಓಟ ನಿಂತಿತು. 2015ರಲ್ಲಿ ಚೀನಾದ ವಿಜ್ಞಾನಿಗಳು ಫುಲ್ಲರೀನಿನ ಬದಲು ಉದ್ದನೆಯ, ಚಪ್ಪಟೆಯಾದ ಹೊಸ ಅಣುವನ್ನು ತಂದರು. 2019ರಲ್ಲಿ ಅಲ್ಲಿನ ಚಾಂಗ್‌ಶಾ ನಗರದ ರಸಾಯನ ವಿಜ್ಞಾನಿ ಝೌ ಯಿಂಗ್‌ಪಿಂಗ್ ಮತ್ತು ಅವರ ತಂಡ ‘ವೈ-6’ ಎಂಬ ಅಣುವನ್ನು ಪ್ರಕಟಿಸಿತು. ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಅದು ಹೀರಬಲ್ಲದು. ವೋಲ್ಟೇಜ್ ಸೋರಿಕೆಯೂ ಬಹಳ ಕಡಿಮೆ.

ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ಹಿಡಿದು ಆ ಕೋಶದ ಲೆಕ್ಕವನ್ನು ತಾವೇ ಮಾಡಬಹುದು. ವೋಲ್ಟೇಜ್ ಸುಮಾರು 0.83. ಒಂದು ಚದರ ಸೆಂಟಿಮೀಟರಿಗೆ ಕರೆಂಟ್ ಸುಮಾರು 25 ಮಿಲಿ ಆಂಪಿಯರ್. ಭರ್ತಿ ಅಂಶ ಶೇಕಡಾ 75ರ ಸುಮಾರು. ಮೂರನ್ನೂ ಗುಣಿಸಿದರೆ 15.6 ಮಿಲಿವಾಟ್. ನಡುಹಗಲ ಬಿಸಿಲು ಆ ಒಂದು ಚದರ ಸೆಂಟಿಮೀಟರಿಗೆ ಕೊಡುವುದು 100 ಮಿಲಿವಾಟ್. ಆದ್ದರಿಂದ ದಕ್ಷತೆ ಶೇಕಡಾ 15.6. ಅಂದು ಪ್ರಕಟವಾದ ಅಂಕಿ 15.7. ಆ ಬಳಿಕ ಏರಿಕೆ ವೇಗ ಪಡೆಯಿತು. 2020ರಲ್ಲಿ ಶೇಕಡಾ 18, 2024ರಲ್ಲಿ ಪ್ರಯೋಗಾಲಯದ ಪುಟ್ಟ ಕೋಶಗಳು ಶೇಕಡಾ 20ನ್ನು ದಾಟಿದವು. ಎರಡು ವಸ್ತುಗಳ ಮಿಶ್ರಣಕ್ಕೆ ಮೂರನೆಯದನ್ನು ಚಿಟಿಕೆಯಷ್ಟು ಬೆರೆಸುವುದು ಈ ಏರಿಕೆಯ ಗುಟ್ಟುಗಳಲ್ಲೊಂದು. ನೀಲಿ-ಹಸಿರು ಬೆಳಕನ್ನು ಹೀರುವ ಕೋಶದ ಕೆಳಗೆ ಕೆಂಪು ಬೆಳಕನ್ನು ಹೀರುವ ಇನ್ನೊಂದು ಕೋಶವನ್ನಿಡುವುದು ಮತ್ತೊಂದು ಉಪಾಯ.

ಸಿಲಿಕಾನಿಗೆ ಹೋಲಿಸಿದರೆ ಇದು ಇನ್ನೂ ಹಿಂದೆಯೇ. ಪ್ರಯೋಗಾಲಯದ ಸಿಲಿಕಾನ್ ಕೋಶಗಳು ಶೇಕಡಾ 27ನ್ನು ದಾಟಿವೆ. ಪೇಟೆಯ ಹಲಗೆಗಳೂ ಶೇಕಡಾ 20ರ ಮೇಲಿವೆ. ಆದರೆ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದಾಗ ಸಿಲಿಕಾನ್ ಕೋಶದ ದಕ್ಷತೆಯೂ ಶೇಕಡಾ 6ರಷ್ಟೇ ಇತ್ತೆಂಬುದನ್ನು ಮರೆಯುವಂತಿಲ್ಲ.

ಬೆಂಗಳೂರಿನ ಪ್ರಯೋಗಾಲಯಗಳಲ್ಲಿ

ಈ ಓಟದಲ್ಲಿ ಕರ್ನಾಟಕವೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಕೆ. ಎಸ್. ನಾರಾಯಣ್ ಅವರ ತಂಡ ಸಾವಯವ ಅರೆವಾಹಕಗಳ ಮೇಲೆ ದೀರ್ಘಕಾಲದಿಂದ ಕೆಲಸ ಮಾಡಿದೆ. ಕೋಶದ ವಿಸ್ತೀರ್ಣಕ್ಕೂ ದಕ್ಷತೆಗೂ ಇರುವ ಸಂಬಂಧವನ್ನು, ಲೋಹದ ಸಂಪರ್ಕ ಸರಿಯಿಲ್ಲದಿದ್ದರೆ ಭರ್ತಿ ಅಂಶ ಕುಸಿಯುವ ಬಗೆಯನ್ನು ಈ ತಂಡ 2008ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ವಿವರಿಸಿತು. ಸಣ್ಣ ಬೆಳಕಿನ ಚುಕ್ಕೆಯೊಂದನ್ನು ಕೋಶದ ಮೇಲೆ ಅಡ್ಡಾಡಿಸಿ, ಎಲ್ಲಿ ಕರೆಂಟ್ ಹೆಚ್ಚು, ಎಲ್ಲಿ ಕಡಿಮೆ ಎಂದು ನಕ್ಷೆ ಬರೆಯುವ ವಿಧಾನವನ್ನೂ ಅವರು ಬಳಸಿದ್ದಾರೆ. ಹೊಲದಲ್ಲಿ ಎಲ್ಲಿ ಬೆಳೆ ಸೊರಗಿದೆ ಎಂದು ರೈತ ತಿರುಗಾಡಿ ನೋಡುವಂತೆಯೇ ಇದು.

1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸತೀಶ್ ಪಾಟೀಲ್ ಅವರ ತಂಡ ಬೆಳಕು ಹೀರುವ ಹೊಸ ಪಾಲಿಮರುಗಳನ್ನು ಸಂಶ್ಲೇಷಿಸುವಲ್ಲಿ ತೊಡಗಿದೆ. ಅಲ್ಲಿಯೇ ಪ್ರೊ. ಪ್ರವೀಣ್ ರಾಮಮೂರ್ತಿ ಅವರ ತಂಡ ಸಾವಯವ ಸಾಧನಗಳ ಜೊತೆಗೆ, ಅವುಗಳೊಳಗೆ ತೇವ ನುಸುಳದಂತೆ ತಡೆಯುವ ಹೊದಿಕೆಯ ಹಾಳೆಗಳ ಬಗ್ಗೆಯೂ ಸಂಶೋಧನೆ ಮಾಡಿದೆ. ತೇವದ ಮಾತು ಇಲ್ಲಿ ಏಕೆ ಬಂತು?

ಎರಡು ದೊಡ್ಡ ತೊಡಕುಗಳು

ಮೊದಲ ತೊಡಕು ಆಯುಷ್ಯದ್ದು. ಸಿಲಿಕಾನ್ ಹಲಗೆಗೆ ಕಂಪನಿಗಳು 25 ವರ್ಷಗಳ ಭರವಸೆ ಕೊಡುತ್ತವೆ. ಸಾವಯವ ಕೋಶ ಅಷ್ಟು ಗಟ್ಟಿಗನಲ್ಲ. ಗಾಳಿಯ ಆಮ್ಲಜನಕ, ನೀರಿನ ಆವಿ, ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಮೂರೂ ಅದರ ಶತ್ರುಗಳು. ಬಿಸಿಯಿಂದಲೂ ಕಷ್ಟವಿದೆ. ಇಟ್ಟ ಮಜ್ಜಿಗೆ ಮೇಲೆ ನೀರು ಬಿಟ್ಟುಕೊಳ್ಳುವಂತೆ, ಹದವಾಗಿ ಹೆಣೆದಿದ್ದ ಎರಡು ವಸ್ತುಗಳು ಕಾಲ ಕಳೆದಂತೆ ಬೇರ್ಪಟ್ಟು ದೊಡ್ಡ ದೊಡ್ಡ ಗುಂಪುಗಳಾಗಿಬಿಡುತ್ತವೆ. ಆಗ ಅಕ್ಕಡಿ ಸಾಲುಗಳು ಅಳಿದು ದಕ್ಷತೆ ಕುಸಿಯುತ್ತದೆ. ಪ್ರಯೋಗಾಲಯದ ಅಳತೆ ನಡೆಯುವುದು 25 ಡಿಗ್ರಿಯಲ್ಲಿ. ನರಗುಂದದ ಬೇಸಿಗೆಯಲ್ಲಿ ತಗಡಿನ ಮೇಲಿಟ್ಟ ಹಲಗೆ 60 ಡಿಗ್ರಿ ದಾಟಬಹುದು. ಅಲ್ಲಿ ಬಾಳುವ ಕೋಶವೇ ನಿಜವಾದ ಕೋಶ.

ಎರಡನೆಯದು ಗಾತ್ರದ್ದು. ದಾಖಲೆ ಮುರಿಯುವ ಕೋಶಗಳು ಬಹುತೇಕ ಬೆರಳಿನ ಉಗುರಿಗಿಂತ ಚಿಕ್ಕವು. ಅದನ್ನೇ ಮೊರದಷ್ಟು ಅಗಲ ಮಾಡಲು ಹೋದರೆ ಪದರದ ದಪ್ಪ ಒಂದೇ ಸಮ ಬರುವುದಿಲ್ಲ, ಕರೆಂಟ್ ದೂರ ಹರಿಯಬೇಕಾಗಿ ನಷ್ಟ ಹೆಚ್ಚುತ್ತದೆ. ಅಮೆರಿಕದಲ್ಲಿ ಹೀಗರ್ ಅವರೂ ಸೇರಿ 2001ರಲ್ಲಿ ಕಟ್ಟಿದ ಕೊನಾರ್ಕ ಎಂಬ ಕಂಪನಿ ಪ್ಲಾಸ್ಟಿಕ್ ಸೌರಹಾಳೆಗಳನ್ನು ತಯಾರಿಸಿ, 2012ರಲ್ಲಿ ದಿವಾಳಿಯಾಯಿತು. ಜರ್ಮನಿಯ ಡ್ರೆಸ್ಡೆನ್ ನಗರದ ಹೀಲಿಯಾಟೆಕ್ ಕಂಪನಿ ಚದರ ಮೀಟರಿಗೆ ಎರಡು ಕಿಲೋದಷ್ಟೂ ತೂಗದ ಸಾವಯವ ಸೌರಹಾಳೆಯನ್ನು ಪೇಟೆಗೆ ತಂದಿದೆ.

ಊರಿಗೆ ಏನು ಬಂತು?

1980ರಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ರೈತರು ಎದ್ದುನಿಂತ ಊರು ನರಗುಂದ. ನೀರಿನ ಬೆಲೆ ಬಲ್ಲವರಿಗೆ ನೆಲದ ಬೆಲೆಯೂ ಗೊತ್ತು. ಸೌರ ವಿದ್ಯುತ್ತಿಗೆ ನೆಲ ಬಹಳ ಬೇಕು. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನ ಹರಡಿರುವುದು ಸುಮಾರು 13,000 ಎಕರೆಯ ಮೇಲೆ. ಕಡಲೆ, ಜೋಳ, ಹತ್ತಿ ಬೆಳೆಯುವ ಎರೆಮಣ್ಣಿನ ಮೇಲೆ ಹಲಗೆ ಹಾಸಬೇಕೆ, ಬೆಳೆ ಬೆಳೆಯಬೇಕೆ ಎಂಬುದು ಬಯಲುಸೀಮೆಯ ರೈತ ಕುಟುಂಬಗಳು ಎದುರಿಸಬೇಕಾದ ಪ್ರಶ್ನೆ. ಸಾವಯವ ಕೋಶದ ವಿಶೇಷ ಇಲ್ಲಿದೆ. ಅದನ್ನು ಅರೆಪಾರದರ್ಶಕವಾಗಿ ಮಾಡಬಹುದು. ಗಿಡಕ್ಕೆ ಬೇಕಾದ ಬೆಳಕನ್ನು ಕೆಳಗೆ ಬಿಟ್ಟು, ಬೇಡದ ಅವಕೆಂಪು ಬೆಳಕನ್ನು ಮಾತ್ರ ಹೀರುವ ಹಾಳೆಗಳ ಬಗ್ಗೆ ಪ್ರಯೋಗಗಳು ನಡೆದಿವೆ. ಟ್ಯೂಬ್‌ಲೈಟ್, ಎಲ್ಇಡಿ ಬೆಳಕಿನಲ್ಲಿಯೂ ಈ ಕೋಶಗಳು ಚೆನ್ನಾಗಿ ಕೆಲಸ ಮಾಡುತ್ತವೆ.

ಹಾಗೆಂದು ಇಂದು ಪಂಪ್‌ಸೆಟ್ಟಿಗೋ ಮನೆಗೋ ಸೌರ ವಿದ್ಯುತ್ ಹಾಕಿಸಬೇಕೆಂದಿರುವವರು ಸಾವಯವ ಕೋಶಕ್ಕಾಗಿ ಕಾಯುತ್ತ ಕೂಡಬೇಕಿಲ್ಲ. ಅವರಿಗೆ ಸಿಲಿಕಾನ್ ಹಲಗೆಯೇ ಸರಿ. ಸಿಲಿಕಾನ್ ಏರಲಾಗದ ಮಾಳಿಗೆಗೆ, ಬೆಳೆಯ ಮೇಲಿನ ಚಪ್ಪರಕ್ಕೆ, ಬಾಗಿದ ಗೋಡೆಗೆ ನಾಳೆ ಸಾವಯವ ಹಾಳೆ ಬಂದೀತು.

ಮಕ್ಕಳಿಗೊಂದು ಕೆಲಸ, ಪಾಲಕರಿಗೊಂದು ಮಾತು

ಅಂಗಡಿಯಲ್ಲಿ ಸಿಗುವ ಅಂಗೈಯಗಲದ ಸೌರ ಹಲಗೆ, ಒಂದು ಮಲ್ಟಿಮೀಟರ್ ಇದ್ದರೆ ಹೈಸ್ಕೂಲಿನ ವಿದ್ಯಾರ್ಥಿಯೂ ಶಿಕ್ಷಕರ ಸಹಾಯದಿಂದ ಸಣ್ಣ ಸಂಶೋಧನೆ ನಡೆಸಬಹುದು. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಅದರ ವೋಲ್ಟೇಜ್ ಮತ್ತು ಕರೆಂಟನ್ನು ಬರೆದಿಡಬೇಕು. ಹಲಗೆಯ ಮೇಲೆ ಒಂದು ಹಿಡಿ ಎರೆಮಣ್ಣಿನ ಧೂಳು ಉದುರಿಸಿ ಮತ್ತೆ ಅಳೆಯಬೇಕು. ನೆರಳಿನಿಂದ ತಂದ ಕೂಡಲೇ ಒಮ್ಮೆ, ಬಿಸಿಲಲ್ಲಿ ಅರ್ಧ ಗಂಟೆ ಕಾದ ಮೇಲೆ ಒಮ್ಮೆ ಅಳೆದರೆ ವೋಲ್ಟೇಜ್ ಇಳಿದಿರುವುದು ಕಾಣುತ್ತದೆ. ಬಿಸಿಲು ಹೆಚ್ಚಿದ್ದಲ್ಲೆಲ್ಲ ವಿದ್ಯುತ್ತೂ ಅಷ್ಟೇ ಹೆಚ್ಚಾಗುವುದಿಲ್ಲ ಎಂಬ ಪಾಠವನ್ನು ಪುಸ್ತಕಕ್ಕಿಂತ ಈ ನೋಟ್‌ಬುಕ್ಕೇ ಚೆನ್ನಾಗಿ ಕಲಿಸುತ್ತದೆ.

ಪಾಲಕರಿಗೆ ಹೇಳಬೇಕಾದ ಮಾತೂ ಒಂದಿದೆ. ಪಿಯುಸಿ ವಿಜ್ಞಾನ ಓದಿದ ಮಕ್ಕಳಿಗೆ ಮೆಡಿಕಲ್, ಇಂಜಿನಿಯರಿಂಗ್ ಎರಡೇ ದಾರಿ ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ಸಾವಯವ ಸೌರಕೋಶದ ಕೆಲಸಕ್ಕೆ ಅಣು ಕಟ್ಟುವ ರಸಾಯನ ವಿಜ್ಞಾನಿ ಬೇಕು, ಎಲೆಕ್ಟ್ರಾನಿನ ದಾರಿ ತಿಳಿದ ಭೌತವಿಜ್ಞಾನಿ ಬೇಕು, ಅಗಲವಾದ ಹಾಳೆ ಮುದ್ರಿಸುವ ತಂತ್ರಜ್ಞ ಬೇಕು. ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಪಿಯುಸಿ ಮುಗಿಸಿದವರಿಗಾಗಿ ನಾಲ್ಕು ವರ್ಷದ ವಿಜ್ಞಾನ ಪದವಿಯನ್ನು ನಡೆಸುತ್ತಿದೆ. ಸಮೀಪದ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಹೋಗುವ ದಾರಿಯೂ ತೆರೆದಿದೆ. ಬೇಕಾದದ್ದು ತಾಳ್ಮೆ. ಶೇಕಡಾ 1ರಿಂದ 20ಕ್ಕೆ ಏರಲು ಈ ಕೋಶಕ್ಕೇ 38 ವರ್ಷ ಹಿಡಿಯಿತು.

ಹೆಚ್ಚಿನ ದಕ್ಷತೆ ಪಡೆದವರು ಈಗ ಹೆಚ್ಚಿನ ಆಯುಷ್ಯ ಹುಡುಕುತ್ತಿದ್ದಾರೆ. ಆ ಪರೀಕ್ಷೆಗೆ ಬೇಕಾದ ಬಿಸಿಲು, ಬಿಸಿ, ಧೂಳು ಮೂರೂ ರೋಣದ ಬಯಲಿನಲ್ಲಿ ಧಾರಾಳವಾಗಿವೆ. ಅಕ್ಕಡಿ ಸಾಲಿನ ಹದ ಬಲ್ಲ ಮನೆಯ ಹುಡುಗನೋ ಹುಡುಗಿಯೋ ಆ ಕೆಲಸಕ್ಕೆ ಕೈಹಾಕಿದರೆ, ಉತ್ತರ ಈ ಊರುಗಳ ಮಾಳಿಗೆಯ ಮೇಲೂ ಸಿಕ್ಕೀತು.